ಬೇರೆ ದೇಶದ ಕಂಪನಿ, ನಮ್ಮೂರಿನ ಅಭ್ಯರ್ಥಿ: ಸಿಬ್ಬಂದಿ ಆಯ್ಕೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಎಂಎಸ್‌ಡಬ್ಲ್ಯು, ಎಂಬಿಎ ಮುಗಿಸಿ ಎಚ್‌ಆರ್ ವಿಭಾಗ ಸೇರಿದವರು, ಪೀಣ್ಯ, ಬಿಡದಿ, ವೈಟ್‌ಫೀಲ್ಡ್ ಕಡೆ ಸಂದರ್ಶನ ಸಮಿತಿಯಲ್ಲಿ ಕೂರುವವರು, ಕೆಲಸ ಹುಡುಕುತ್ತಿರುವ ಹುಡುಗ ಹುಡುಗಿಯರು ಮಾತಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಅವರು ಕೇಳಿದ ಧಾಟಿಯಲ್ಲೇ ಬಿಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಕೊನೆಗೆ.

## ಮೊದಲಿಗೆ

ರಿಕ್ರೂಟ್‌ಮೆಂಟ್, ಸೆಲೆಕ್ಷನ್ ಎರಡೂ ಒಂದೇ ಅಲ್ವಾ?

ಬೇರೆ ಬೇರೆ. ಅರ್ಜಿ ಹಾಕುವಂತೆ ಜನರನ್ನು ಕರೆತರುವುದು ರಿಕ್ರೂಟ್‌ಮೆಂಟ್. ಬಂದವರಲ್ಲಿ ಯಾರು ಆ ಕೆಲಸ ಮಾಡಬಲ್ಲರು ಎಂದು ತೀರ್ಮಾನಿಸುವುದು ಸೆಲೆಕ್ಷನ್, ಅಂದರೆ ಆಯ್ಕೆ. ಮೊದಲನೆಯದರಲ್ಲಿ ತಪ್ಪಾದರೆ ಎರಡನೆಯದನ್ನು ಎಷ್ಟು ಚೆನ್ನಾಗಿ ಮಾಡಿದರೂ ಉಪಯೋಗವಿಲ್ಲ. ಗದಗದ ಐಟಿಐಗೆ ಸುದ್ದಿಯೇ ಮುಟ್ಟದಿದ್ದರೆ ಅಲ್ಲಿನ ಒಳ್ಳೆಯ ಫಿಟ್ಟರ್ ನಿಮ್ಮ ಸಂದರ್ಶನದ ಕೋಣೆಯವರೆಗೆ ಬರುವುದೇ ಇಲ್ಲ.

ಕಂಪನಿ ಬೆಂಗಳೂರಲ್ಲೇ ಇದೆ, ಇಂಟರ್‌ವ್ಯೂ ಮಾಡೋರೂ ನಮ್ಮವರೇ. ಇದರಲ್ಲಿ 'ಸಂಸ್ಕೃತಿ' ಎಲ್ಲಿಂದ ಬಂತು?

ಸಂದರ್ಶಕರು ನಮ್ಮವರೇ ಇರಬಹುದು, ಅವರ ಕೈಲಿರುವ, ಅಭ್ಯರ್ಥಿಗೆ ಅಂಕ ಹಾಕುವ ಪಟ್ಟಿ ಎಲ್ಲಿಂದ ಬಂತು ನೋಡಿ. ಹುದ್ದೆಯ ವಿವರ, ಪರೀಕ್ಷೆ, 'ಒಳ್ಳೆಯ ಉತ್ತರ' ಹೇಗಿರಬೇಕು ಎನ್ನುವ ಮಾದರಿ, ಇವೆಲ್ಲ ಹೆಚ್ಚಾಗಿ ಹೆಡ್ ಆಫೀಸಿನಿಂದ ಬಂದಿರುತ್ತವೆ. 1985ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು ಸಂಶೋಧನಾ ಕೇಂದ್ರ ತೆರೆಯಿತು. ಅಲ್ಲಿಂದ ಶುರುವಾದ ಸಾಲು ಬೆಳೆಯುತ್ತಾ ಹೋಗಿ, ಇವತ್ತು ವಿದೇಶಿ ಕಂಪನಿಗಳ ಜಾಗತಿಕ ಕೇಂದ್ರಗಳು ದೇಶದಲ್ಲೇ ಅತಿ ಹೆಚ್ಚು ಇರುವುದು ಈ ಊರಿನಲ್ಲಿ. ಅಮೆರಿಕದಲ್ಲಿ ಅಮೆರಿಕದವರಿಗಾಗಿ ಮಾಡಿದ ಅಳತೆಗೋಲಿನಿಂದ ದಾವಣಗೆರೆಯ ಹುಡುಗಿಯನ್ನು ಅಳೆಯುವುದು ಇಲ್ಲಿ ದಿನಾ ನಡೆಯುತ್ತದೆ. ಸಂಸ್ಕೃತಿಯ ಪ್ರಶ್ನೆ ಹುಟ್ಟುವುದು ಅಲ್ಲಿಂದಲೇ.

ಇಪ್ಪತ್ತು ವರ್ಷ ಜನರನ್ನ ನೋಡಿದ್ದೀನಿ. ಅರ್ಧ ಗಂಟೆ ಮಾತಾಡಿದ್ರೆ ಆಳು ಎಂಥವನು ಅಂತ ಗೊತ್ತಾಗುತ್ತೆ. ಅನುಭವಕ್ಕೆ ಬೆಲೆ ಇಲ್ವಾ?

ಹಿರಿಯರು ಈ ಪ್ರಶ್ನೆ ಕೇಳಿದಾಗ ಗೌರವದಿಂದಲೇ ಉತ್ತರಿಸುತ್ತೇನೆ, ಆದರೆ ಉತ್ತರ ಬದಲಾಗುವುದಿಲ್ಲ. ಆಯ್ಕೆಯ ವಿಧಾನವೊಂದು ಮುಂದಿನ ಕೆಲಸವನ್ನು ಎಷ್ಟರಮಟ್ಟಿಗೆ ಮುಂಗಾಣುತ್ತದೆ ಎಂದು ಸಂಶೋಧಕರು ನೂರಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದ್ದಾರೆ. ಸೊನ್ನೆ ಎಂದರೆ ಏನೂ ಸಂಬಂಧವಿಲ್ಲ, ಒಂದು ಎಂದರೆ ಪೂರ್ತಿ ಕರಾರುವಾಕ್ಕು. ಪಾಲ್ ಸ್ಯಾಕೆಟ್ ಮತ್ತು ಸಹೋದ್ಯೋಗಿಗಳು 2022ರಲ್ಲಿ ಹಳೆಯ ಲೆಕ್ಕಗಳನ್ನೆಲ್ಲ ಪರಿಷ್ಕರಿಸಿದಾಗ, ಪ್ರಶ್ನೆ ಮತ್ತು ಅಂಕಗಳನ್ನು ಮೊದಲೇ ಗೊತ್ತುಮಾಡಿಕೊಂಡು ನಡೆಸುವ ಸಂದರ್ಶನಕ್ಕೆ 0.42 ಬಂತು. ಬಾಯಿಗೆ ಬಂದದ್ದು ಕೇಳುವ ಸಂದರ್ಶನಕ್ಕೆ 0.19. ಅಭ್ಯರ್ಥಿಗೆ ಎಷ್ಟು ವರ್ಷದ ಅನುಭವವಿದೆ ಎನ್ನುವುದಕ್ಕೆ ಬರೀ 0.07.

ಇನ್ನೊಂದು ಮಾತು. ನೀವು ಆರಿಸಿಕೊಂಡವರು ಚೆನ್ನಾಗಿ ಕೆಲಸ ಮಾಡಿದ್ದನ್ನು ನೀವು ನೋಡಿದ್ದೀರಿ. ನೀವು ಬೇಡವೆಂದು ಕಳಿಸಿದವರು ಬೇರೆ ಕಡೆ ಹೇಗೆ ಕೆಲಸ ಮಾಡಿದರು ಎಂಬುದನ್ನು ನೋಡಿಲ್ಲ. ಅರ್ಧ ಲೆಕ್ಕ ಕಣ್ಣಿಗೆ ಬೀಳದೇ ಹೋದರೆ ಯಾರ ಅನುಭವವಾದರೂ ದಾರಿ ತಪ್ಪುತ್ತದೆ.

## ಸಂದರ್ಶನದ ಕೋಣೆಯಲ್ಲಿ

ಸ್ಟ್ರಕ್ಚರ್ಡ್ ಇಂಟರ್‌ವ್ಯೂ ಅಂದ್ರೆ ಎಲ್ಲರಿಗೂ ಒಂದೇ ಪ್ರಶ್ನೆ ಕೇಳೋದು, ಅಷ್ಟೇ ತಾನೆ?

ಅದು ಅರ್ಧ ಮಾತ್ರ. ಯಾವ ಉತ್ತರಕ್ಕೆ ಎಷ್ಟು ಅಂಕ ಎಂದು ಅಭ್ಯರ್ಥಿ ಒಳಗೆ ಬರುವ ಮೊದಲೇ ಬರೆದಿಟ್ಟುಕೊಳ್ಳುವುದು ಉಳಿದರ್ಧ. ಜನ ಬಿಟ್ಟುಬಿಡುವುದು ಇದನ್ನೇ. ಒಂದು ಉದಾಹರಣೆ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಈ ಪುಟದಲ್ಲಿ ನಾನು ಹೇಳಬೇಕಾದದ್ದರಲ್ಲಿ ಹೆಚ್ಚಿನದು ಇದರಲ್ಲಿದೆ.

ಹುದ್ದೆ ಮೇಂಟೆನೆನ್ಸ್ ಟೆಕ್ನಿಷಿಯನ್. ಪ್ರಶ್ನೆ: "ರಾತ್ರಿ ಪಾಳಿ. ಹೈಡ್ರಾಲಿಕ್ ಪ್ರೆಸ್‌ನಲ್ಲಿ ಎಣ್ಣೆ ಸೋರುತ್ತಿದೆ. ಬೆಳಿಗ್ಗೆ ಡಿಸ್‌ಪ್ಯಾಚ್ ಇದೆ, ಹೇಗಾದರೂ ಓಡಿಸು ಅಂತ ಸೂಪರ್‌ವೈಸರ್ ಹೇಳುತ್ತಾರೆ. ನೀವೇನು ಮಾಡುತ್ತೀರಿ?" ಸೂಪರ್‌ವೈಸರ್ ಹೇಳಿದ ಮೇಲೆ ಓಡಿಸುತ್ತೇನೆ ಎಂದರೆ ಒಂದು ಅಂಕ. ಮೆಷಿನ್ ನಿಲ್ಲಿಸುತ್ತೇನೆ ಎಂದು ಹೇಳಿ, ಮುಂದೇನು ಎಂದು ಹೇಳಲಾಗದಿದ್ದರೆ ಮೂರು. ನಿಲ್ಲಿಸಿ, ಪವರ್ ಕಡಿದು, ಯಾರೂ ಆನ್ ಮಾಡದಂತೆ ಬೀಗ ಹಾಕಿ ಟ್ಯಾಗ್ ಕಟ್ಟಿ, ಸಂಬಂಧಪಟ್ಟವರಿಗೆ ತಿಳಿಸುತ್ತೇನೆ ಎಂದರೆ ಐದು.

ಹೆಡ್ ಆಫೀಸಿನಿಂದ ಬಂದ ಮಾದರಿಯಲ್ಲಿ ಐದು ಅಂಕಕ್ಕೆ ಇನ್ನೊಂದು ಷರತ್ತು ಸೇರಿರಬಹುದು: "ಸೂಪರ್‌ವೈಸರ್‌ಗೆ ನೇರವಾಗಿ ಆಗುವುದಿಲ್ಲ ಎಂದು ಹೇಳಬೇಕು." ನಮ್ಮ ಹುಡುಗ ಹೇಳುವುದು ಹೀಗೆ: "ಸರ್‌ನ ಕರ್ಕೊಂಡು ಹೋಗಿ ಸೋರೋದು ತೋರಿಸ್ತೀನಿ. ಗೇಜ್ ಫೋಟೋ ತೆಗೆದು ಮೇಂಟೆನೆನ್ಸ್ ಇಂಜಿನಿಯರ್‌ಗೆ ಕಳಿಸ್ತೀನಿ. ಅವರು ಹೇಳೋವರೆಗೂ ಬೀಗ ತೆಗೆಯಲ್ಲ." ಮೇಲಿನವರ ಮುಖಕ್ಕೆ ಹೊಡೆದ ಹಾಗೆ ಮಾತಾಡಲಿಲ್ಲ ಅಂತ ಇವನಿಗೆ ಮೂರು ಅಂಕ ಕೊಟ್ಟರೆ ನೀವು ಅಳೆದದ್ದು ಸುರಕ್ಷತೆಯನ್ನಲ್ಲ, ಮಾತಿನ ರೀತಿಯನ್ನು. ಮೆಷಿನ್ ನಿಂತಿದೆ, ಬೀಗ ಬಿದ್ದಿದೆ, ತಿಳಿಯಬೇಕಾದವರಿಗೆ ತಿಳಿದಿದೆ. ಅವನಿಗೆ ಐದೇ ಬರಬೇಕು. ಅಂಕದ ಮಾದರಿ ಬರೆಯುವಾಗ ಪ್ರತಿ ಸಾಲಿಗೂ ಇದನ್ನು ಕೇಳಿಕೊಳ್ಳಿ: ಇದು ಕೆಲಸಕ್ಕೆ ಬೇಕಾದದ್ದೋ, ನಮಗೆ ರೂಢಿಯಾದದ್ದೋ?

ವಿಡಿಯೋ ಕಾಲ್‌ನಲ್ಲಿ ಫಾರಿನ್ ಮ್ಯಾನೇಜರ್ 'ಕಾನ್ಫಿಡೆನ್ಸ್ ಇಲ್ಲ' ಅಂತ ಬರೆದು ಒಳ್ಳೊಳ್ಳೆಯವರನ್ನ ತಳ್ಳಿಹಾಕ್ತಾರೆ. ಏನು ಮಾಡಲಿ?

ಏನು ನೋಡಿ ಹಾಗೆ ಬರೆದಿರಿ ಎಂದು ಕೇಳಿ. ಕಣ್ಣಲ್ಲಿ ಕಣ್ಣಿಟ್ಟು ನೋಡಲಿಲ್ಲ, ಉತ್ತರಕ್ಕೆ ಮುಂಚೆ ತಡೆದರು, ತಾನು ಮಾಡಿದ್ದನ್ನು 'ನಾವು ಮಾಡಿದ್ವಿ' ಎಂದರು. ಬಹಳ ಸಲ ಕಾರಣಗಳು ಇಷ್ಟೇ ಇರುತ್ತವೆ. ಹಿರಿಯರ ಮುಂದೆ ತಗ್ಗಿ ಮಾತಾಡಬೇಕು, ನಾನು ನಾನು ಎನ್ನಬಾರದು ಎಂದು ಮನೆಯಲ್ಲೂ ಶಾಲೆಯಲ್ಲೂ ಕಲಿತು ಬಂದವರು ಅವರು. ಮುಂದಿನ ಪ್ರಶ್ನೆಯನ್ನು ನೀವೇ ಕೇಳಿ: "ಆ ತಂಡದಲ್ಲಿ ನಿಮ್ಮ ಕೈಯಿಂದ ಆದ ಕೆಲಸ ಯಾವುದು?" ಹೀಗೆ ಕೇಳಿದ ಮೇಲೆ ಐದು ನಿಮಿಷ ನಿರರ್ಗಳವಾಗಿ ಮಾತಾಡಿದವರನ್ನು ಎಷ್ಟೋ ಸಲ ಕಂಡಿದ್ದೇನೆ. ಅಂಕಪಟ್ಟಿಯಿಂದ 'ಕಾನ್ಫಿಡೆನ್ಸ್' ಎಂಬ ಕಾಲಮ್ ಅನ್ನೇ ತೆಗೆಸಿಬಿಡುವುದು ಇನ್ನೂ ಒಳ್ಳೆಯದು.

ಅಭ್ಯರ್ಥಿಗಳಿಗೂ ಒಂದು ಮಾತು. ಸಂದರ್ಭ ಏನು, ನಿಮ್ಮ ಹೊಣೆ ಏನು, ನೀವು ಮಾಡಿದ್ದೇನು, ಕೊನೆಗೆ ಏನಾಯಿತು. ಈ ನಾಲ್ಕನ್ನು ಇದೇ ಸಾಲಿನಲ್ಲಿ ಹೇಳಿ ಅಭ್ಯಾಸ ಮಾಡಿಕೊಳ್ಳಿ. ಅದರಲ್ಲಿ ಜಂಬವೇನೂ ಇಲ್ಲ.

ನಮ್ಮ ಹುಡುಗರಿಗೆ ಕೆಲಸ ಬರುತ್ತೆ, ಇಂಗ್ಲಿಷ್ ಬರಲ್ಲ. ಕನ್ನಡದಲ್ಲಿ ಇಂಟರ್‌ವ್ಯೂ ಮಾಡಬಹುದಾ?

ಧಾರಾಳವಾಗಿ ಮಾಡಬಹುದು. ಕೆಲಸಕ್ಕೆ ಇಂಗ್ಲಿಷ್ ಎಷ್ಟು ಬೇಕೋ ಅಷ್ಟನ್ನು ಬೇರೆಯಾಗಿ ಪರೀಕ್ಷಿಸಿ. ಶಾಪ್ ಫ್ಲೋರ್‌ನಲ್ಲಿ ಡ್ರಾಯಿಂಗ್ ಓದಬೇಕು, ಮೆಷಿನ್ ಪ್ಯಾನೆಲ್‌ನ ಎಚ್ಚರಿಕೆಗಳು ಅರ್ಥವಾಗಬೇಕು ಎಂದಾದರೆ ಅದೇ ಡ್ರಾಯಿಂಗ್, ಅದೇ ಪ್ಯಾನೆಲ್ ಮುಂದಿಟ್ಟು ಓದಿಸಿ. ವಿದೇಶಿ ಗ್ರಾಹಕರ ಜೊತೆ ದಿನಾ ಮಾತಾಡುವ ಹುದ್ದೆಗೆ ಮಾತಿನ ಪರೀಕ್ಷೆ ಮಾಡಿ. ಎರಡನ್ನೂ ಕಲಸಿ, ಇಂಗ್ಲಿಷ್ ಚೆನ್ನಾಗಿದ್ದವರೆಲ್ಲ ಬುದ್ಧಿವಂತರು ಎಂದುಕೊಳ್ಳುವುದು ನಮ್ಮವರೇ ನಮ್ಮವರಿಗೆ ಮಾಡುವ ಅನ್ಯಾಯ.

ಅಪ್ಪ ಏನ್ ಕೆಲಸ, ಮದುವೆ ಯಾವಾಗ, ಮಕ್ಕಳ ಪ್ಲ್ಯಾನ್ ಇದೆಯಾ ಅಂತೆಲ್ಲ ಕೇಳ್ತಾರೆ. ಹೇಳಲೇಬೇಕಾ?

ಹೇಳಬೇಕಾಗಿಲ್ಲ. ಕೇಳುವವರೂ ಕೇಳಬಾರದು. ನಮ್ಮಲ್ಲಿ ಪರಿಚಯದ ಮಾತು ಮನೆಯಿಂದಲೇ ಶುರುವಾಗುವುದರಿಂದ ಎಷ್ಟೋ ಜನ ಸದ್ಭಾವದಿಂದಲೇ ಕೇಳುತ್ತಾರೆ, ನಿಜ. ಆದರೆ ಮದುವೆ, ಮಕ್ಕಳ ಪ್ರಶ್ನೆ ಹೆಂಗಸರಿಗೆ ಮಾತ್ರ ಬರುತ್ತದೆ ಮತ್ತು ತೀರ್ಮಾನದಲ್ಲಿ ಅದರ ನೆರಳು ಬೀಳುತ್ತದೆ. ನೇಮಕಾತಿಯಲ್ಲಿ ಹೆಂಗಸರಿಗೆ ತಾರತಮ್ಯ ಮಾಡಬಾರದೆಂದು 1976ರ ಸಮಾನ ವೇತನ ಕಾಯ್ದೆಯಲ್ಲೇ ಇತ್ತು, 2019ರ ವೇತನ ಸಂಹಿತೆಯೂ ಅದನ್ನು ಹೇಳುತ್ತದೆ. ಕೆಲಸ ಕೊಡಲು ಎಚ್‌ಐವಿ ಪರೀಕ್ಷೆಯನ್ನು ಷರತ್ತಾಗಿ ಇಡುವುದನ್ನು 2017ರ ಕಾಯ್ದೆ ನಿಷೇಧಿಸಿದೆ. ಅಮೆರಿಕದಲ್ಲಿ 1964ರ ನಾಗರಿಕ ಹಕ್ಕುಗಳ ಕಾಯ್ದೆಯ ನಂತರ ಇಂಥ ಪ್ರಶ್ನೆಗಳಿಂದ ಕಂಪನಿಗಳು ದೂರ ಉಳಿಯುವುದನ್ನು ಕಲಿತಿವೆ. ಅಲ್ಲಿ ರೆಸ್ಯೂಮ್‌ಗೆ ಫೋಟೋ ಅಂಟಿಸುವ ರೂಢಿಯೂ ಇಲ್ಲ.

ಬಾಯಿ ಕಟ್ಟಿದ ಹಾಗಾದರೆ ಹೀಗೆ ಹೇಳಿ: "ಪಾಳಿಯ ಸಮಯಕ್ಕೆ, ಪ್ರಯಾಣಕ್ಕೆ ನನ್ನಿಂದ ತೊಂದರೆ ಆಗಲ್ಲ ಸರ್." ಅವರು ತಿಳಿಯಬೇಕಾದದ್ದು ಅಷ್ಟೇ.

## ಪರೀಕ್ಷೆಗಳು, ಅಳತೆಗಳು

ಹೆಡ್ ಆಫೀಸಿನವರು ಪರ್ಸನಾಲಿಟಿ ಟೆಸ್ಟ್ ಕಳಿಸಿದ್ದಾರೆ. ಕನ್ನಡಕ್ಕೆ ಅನುವಾದಿಸಿ ಕೊಟ್ಟರೆ ಸಾಕಾ?

ಸಾಲದು. ಕನ್ನಡಕ್ಕೆ ಒಬ್ಬರು ತಂದ ಮೇಲೆ, ಮೂಲ ನೋಡದ ಇನ್ನೊಬ್ಬರು ಅದನ್ನು ಇಂಗ್ಲಿಷಿಗೆ ವಾಪಸ್ ತಂದು ಎರಡನ್ನೂ ಹೋಲಿಸಬೇಕು. ಅದು ಮೊದಲ ಹೆಜ್ಜೆ ಅಷ್ಟೆ. "ನಾನು ಪಾರ್ಟಿಗಳಲ್ಲಿ ಎಲ್ಲರ ಜೊತೆ ಬೆರೆಯುತ್ತೇನೆ" ಎಂಬ ಹೇಳಿಕೆಯ ಕನ್ನಡ ಎಷ್ಟೇ ಚೆನ್ನಾಗಿದ್ದರೂ, ಪಾರ್ಟಿ ಎಂಬುದೇ ಇಲ್ಲದ ಊರಲ್ಲಿ ಬೆಳೆದವರ ಬಗ್ಗೆ ಅದು ಏನೂ ಹೇಳುವುದಿಲ್ಲ. ಆಮೇಲೆ ಅಂಕಗಳನ್ನು ಯಾರ ಸರಾಸರಿಗೆ ಹೋಲಿಸುತ್ತೀರಿ? ಜರ್ಮನಿಯವರ ಸರಾಸರಿಗೆ ಹುಬ್ಬಳ್ಳಿಯವರನ್ನು ಹೋಲಿಸಬಾರದು. ಇಲ್ಲಿನ ಸಾಕಷ್ಟು ಜನರಿಂದ ಇಲ್ಲಿನದೇ ಸರಾಸರಿ ಕಟ್ಟಬೇಕು.

ಇನ್ನೂ ಒಂದು ತೊಡಕಿದೆ. "ನಾನು ಸಮಯಪಾಲಕ" ಎಂಬುದಕ್ಕೆ ಐದರಲ್ಲಿ ಎಷ್ಟು ಎಂದು ಕೇಳಿದಾಗ ಪ್ರತಿಯೊಬ್ಬರೂ ತಮ್ಮ ಸುತ್ತಲಿನವರ ಜೊತೆ ಹೋಲಿಸಿಕೊಂಡೇ ಉತ್ತರಿಸುತ್ತಾರೆ. ಟೋಕಿಯೊದಲ್ಲಿ ಮೂರು ಹಾಕಿಕೊಂಡವನು ಬೇರೆ ಊರಲ್ಲಿ ಐದು ಹಾಕಿಕೊಂಡವನಿಗಿಂತ ಶಿಸ್ತಿನವನಾಗಿರಬಹುದು. ಹಾಗಾಗಿ ಎರಡು ದೇಶದ ಅಭ್ಯರ್ಥಿಗಳನ್ನು ಇಂಥ ಅಂಕಗಳ ಮೇಲೆ ನೇರವಾಗಿ ಪಕ್ಕಪಕ್ಕ ಇಡಬೇಡಿ.

ಎಂಬಿಟಿಐ ಬಳಸಬಹುದಾ?

ಜನರನ್ನು ಹದಿನಾರು ಬಗೆಯ ಸ್ವಭಾವಗಳಾಗಿ ವಿಂಗಡಿಸುವ ಈ ಪರ್ಸನಾಲಿಟಿ ಟೆಸ್ಟ್ ಆಯ್ಕೆಗೆ ಬೇಡ. ಅದನ್ನು ಪ್ರಕಟಿಸುವ ಕಂಪನಿಯೇ ನೇಮಕಾತಿಗೆ ಬಳಸಬಾರದು ಎನ್ನುತ್ತದೆ.

ಹಾಫ್‌ಸ್ಟೆಡೆ ಅಂಕಗಳನ್ನ ಕಾಲೇಜಲ್ಲಿ ಓದಿದ್ದೇವೆ. ಅದರಿಂದ ಅಭ್ಯರ್ಥಿ ಹೇಗಿರ್ತಾನೆ ಅಂತ ಅಂದಾಜು ಮಾಡಬಹುದಲ್ವಾ?

ಆಗುವುದಿಲ್ಲ. ಎಂಬಿಎ ಓದಿದವರಲ್ಲಿ ನಾನು ಅತಿ ಹೆಚ್ಚು ಕಾಣುವ ತಪ್ಪು ಇದು. ಗೀರ್ಟ್ ಹಾಫ್‌ಸ್ಟೆಡೆ ಐಬಿಎಂ ಕಂಪನಿಯ ಸಿಬ್ಬಂದಿಯಿಂದ 1967ರಿಂದ 1973ರ ನಡುವೆ ಸಂಗ್ರಹವಾದ ಒಂದು ಲಕ್ಷಕ್ಕೂ ಹೆಚ್ಚು ಪ್ರಶ್ನಾವಳಿಗಳನ್ನು ವಿಶ್ಲೇಷಿಸಿ, ದೇಶದೇಶಗಳ ಸಂಸ್ಕೃತಿಯನ್ನು ಅಂಕಗಳಲ್ಲಿ ಹೋಲಿಸಿ 1980ರಲ್ಲಿ ಪ್ರಕಟಿಸಿದರು. ಮೇಲು ಕೀಳಿನ ಅಂತರವನ್ನು ಜನ ಎಷ್ಟು ಸಹಜವೆಂದು ಒಪ್ಪುತ್ತಾರೆ ಎಂಬ ಅಳತೆಯಲ್ಲಿ ಭಾರತಕ್ಕೆ 77, ಜಪಾನಿಗೆ 54, ಅಮೆರಿಕಕ್ಕೆ 40, ಜರ್ಮನಿಗೆ 35. ಅನಿಶ್ಚಿತತೆಯನ್ನು ತಪ್ಪಿಸಿಕೊಳ್ಳುವ ಅಳತೆಯಲ್ಲಿ ಜಪಾನಿಗೆ 92, ಭಾರತಕ್ಕೆ 40. ಇವು ದೇಶಗಳ ಸರಾಸರಿಗಳು. ಒಂದೇ ದೇಶದೊಳಗಿನ ಇಬ್ಬರ ನಡುವಿನ ವ್ಯತ್ಯಾಸ ಎರಡು ದೇಶಗಳ ಸರಾಸರಿಯ ವ್ಯತ್ಯಾಸಕ್ಕಿಂತ ಎಷ್ಟೋ ದೊಡ್ಡದು. ಹಾಫ್‌ಸ್ಟೆಡೆ ಅವರೇ ಇದನ್ನು ವ್ಯಕ್ತಿಗಳಿಗೆ ಅನ್ವಯಿಸಬೇಡಿ ಎಂದು ಎಚ್ಚರಿಸಿದ್ದರು.

ಇದರ ಸರಿಯಾದ ಉಪಯೋಗ ಸಂದರ್ಶಕರ ತರಬೇತಿಯಲ್ಲಿದೆ. ನಿಮ್ಮ ಪ್ರಶ್ನೆಗಳಲ್ಲಿ ಯಾವುದು ಯಾರಿಗೆ ಇರಿಸುಮುರಿಸು ಮಾಡಬಹುದು ಎಂದು ಮುಂಚೆಯೇ ಯೋಚಿಸಲು ಅದು ನೆರವಾಗುತ್ತದೆ. ಎದುರಿಗೆ ಕೂತ ಮನುಷ್ಯನನ್ನು ತಿಳಿಯಲು ಅವರನ್ನೇ ಕೇಳಬೇಕು.

## ದೇಶದಿಂದ ದೇಶಕ್ಕೆ

ಜಪಾನ್ ಕಂಪನಿ, ಜರ್ಮನ್ ಕಂಪನಿ ಎರಡರಲ್ಲೂ ಅಪ್ಲೈ ಮಾಡಿದ್ದೀನಿ. ಆಯ್ಕೆ ರೀತಿಯಲ್ಲಿ ಏನು ವ್ಯತ್ಯಾಸ?

ಜಪಾನಿನ ದೊಡ್ಡ ಕಂಪನಿಗಳಲ್ಲಿ ಕಾಲೇಜು ಮುಗಿಸಿದವರನ್ನೆಲ್ಲ ಒಟ್ಟಿಗೆ ಆರಿಸಿ ಏಪ್ರಿಲ್ 1ರಂದು ಕೆಲಸಕ್ಕೆ ಸೇರಿಸಿಕೊಳ್ಳುವ ಪದ್ಧತಿ ಬಹಳ ಕಾಲದಿಂದ ಬಂದಿದೆ. ಅವರು ಒಂದು ಹುದ್ದೆಗೆ ಅಂತ ಆರಿಸುವುದಕ್ಕಿಂತ ಕಂಪನಿಗೆ ಅಂತ ಆರಿಸುತ್ತಾರೆ. ಕೆಲಸ ಆಮೇಲೆ ಕಲಿಸುತ್ತಾರೆ, ವಿಭಾಗದಿಂದ ವಿಭಾಗಕ್ಕೆ ಬದಲಾಯಿಸುತ್ತಾರೆ. ಹಾಗಾಗಿ ಕಲಿಯುವ ಮನಸ್ಸು, ತಾಳ್ಮೆ, ಎಲ್ಲರೊಡನೆ ಹೊಂದಿಕೊಂಡು ಹೋಗುವುದು ಅಲ್ಲಿ ಹೆಚ್ಚು ತೂಗುತ್ತದೆ. ಬಿಡದಿಯಲ್ಲಿ ಟೊಯೋಟಾ 2007ರಲ್ಲಿ ಶುರುಮಾಡಿದ ತರಬೇತಿ ಸಂಸ್ಥೆಯನ್ನೇ ನೋಡಿ. ಹತ್ತನೇ ತರಗತಿ ಮುಗಿಸಿದ, ಹಳ್ಳಿಗಾಡಿನ ಬಡ ಮನೆಗಳ ಮಕ್ಕಳನ್ನು ಆರಿಸಿ, ಅಲ್ಲೇ ಉಳಿಸಿಕೊಂಡು, ಮೂರು ವರ್ಷ ಕಲಿಸುತ್ತಾರೆ. ಕಲಿತವರನ್ನು ಹುಡುಕುವ ಬದಲು ಕಲಿಯಬಲ್ಲವರನ್ನು ಹುಡುಕುವ ಕ್ರಮ ಇದು. ನಮ್ಮ ಜಿಲ್ಲೆಗಳ ಮಕ್ಕಳಿಗೆ ಇಂಥದ್ದು ಇನ್ನಷ್ಟು ಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಜರ್ಮನಿಯಲ್ಲಿ ಹುದ್ದೆ ಮುಂಚೆ, ಮನುಷ್ಯ ಆಮೇಲೆ. ಈ ಕೆಲಸಕ್ಕೆ ಈ ತರಬೇತಿ, ಈ ಪ್ರಮಾಣಪತ್ರ ಎಂದು ನಿಖರವಾಗಿ ಕೇಳುತ್ತಾರೆ. ಹಳೆಯ ಕಂಪನಿಗಳು ಕೊಟ್ಟ ಸೇವಾ ಪತ್ರವನ್ನು ಸಾಲುಸಾಲಾಗಿ ಓದುತ್ತಾರೆ. ಇಪ್ಪತ್ತಕ್ಕಿಂತ ಹೆಚ್ಚು ಜನ ಕೆಲಸ ಮಾಡುವ, ಕಾರ್ಮಿಕರ ಚುನಾಯಿತ ಮಂಡಳಿ ಇರುವ ಕಂಪನಿಯಲ್ಲಿ ಹೊಸಬರನ್ನು ಸೇರಿಸಿಕೊಳ್ಳಲು ಆ ಮಂಡಳಿಯ ಒಪ್ಪಿಗೆಯೂ ಬೇಕು. ಸಂದರ್ಶನ ಚೆನ್ನಾಗಿ ಆದ ಮೇಲೂ ಅಲ್ಲಿಂದ ಉತ್ತರ ತಡವಾದರೆ ಗಾಬರಿಯಾಗಬೇಡಿ.

ನಮ್ಮ ಬೆಸ್ಟ್ ಇಂಜಿನಿಯರ್‌ನ ಮೂರು ವರ್ಷಕ್ಕೆ ವಿದೇಶಕ್ಕೆ ಕಳಿಸ್ತಿದ್ದೀವಿ. ಇನ್ನೇನಾದ್ರೂ ನೋಡಬೇಕಾ?

ಅವರ ಮನೆಯವರನ್ನು ಕೇಳಿ. ಕೆಲಸದಲ್ಲಿ ನುರಿತವರೆಂಬ ಒಂದೇ ಕಾರಣಕ್ಕೆ ಕಳಿಸುವುದು ಎಲ್ಲ ಕಡೆಯ ವಾಡಿಕೆ. ರೊಸಾಲಿ ಟುಂಗ್ 1980ರ ದಶಕದ ಆರಂಭದಲ್ಲಿ ಮಾಡಿದ ಅಧ್ಯಯನದಲ್ಲಿ, ಅಮೆರಿಕದ ಕಂಪನಿಗಳು ಹೊರದೇಶಕ್ಕೆ ಕಳಿಸಿದವರು ಸೋತು ಮರಳಲು ಮೊದಲ ಕಾರಣ ಬಾಳಸಂಗಾತಿ ಅಲ್ಲಿ ಹೊಂದಿಕೊಳ್ಳಲಾಗದ್ದು ಎಂದು ಕಂಡುಬಂತು. ಇಲ್ಲಿ ಬ್ಯಾಂಕಿನಲ್ಲೋ ಶಾಲೆಯಲ್ಲೋ ಕೆಲಸ ಮಾಡುತ್ತಿದ್ದ ಹೆಂಡತಿ ಅಲ್ಲಿ ವೀಸಾ ಕಾರಣಕ್ಕೆ ಕೆಲಸವಿಲ್ಲದೆ ಚಳಿಗಾಲವಿಡೀ ನಾಲ್ಕು ಗೋಡೆಯೊಳಗೆ ಕೂರಬೇಕು. ಇಲ್ಲಿ ವಯಸ್ಸಾದ ತಾಯಿಗೆ ಹುಷಾರಿಲ್ಲ. ಇಂಥ ಸಂಗತಿಗಳು ಯಾವ ಪರೀಕ್ಷೆಯಲ್ಲೂ ಕಾಣುವುದಿಲ್ಲ. ಇವನ್ನು ತಿಳಿಯುವುದು ಅನರ್ಹಗೊಳಿಸಲು ಆಗಬಾರದು. ಶಾಲೆ, ಭಾಷೆಯ ತರಗತಿ, ವರ್ಷಕ್ಕೊಮ್ಮೆ ಊರಿಗೆ ಬರುವ ಟಿಕೆಟ್ ಏರ್ಪಾಡು ಮಾಡಲು ಆಗಬೇಕು.

ಹೊರದೇಶಕ್ಕೆ ಹೋದವರಲ್ಲಿ ಶೇ 40ರಷ್ಟು ಜನ ಸೋತು ಬರುತ್ತಾರೆ ಎಂಬ ಮಾತು ಎಷ್ಟೋ ತರಬೇತಿಗಳಲ್ಲಿ ಕೇಳಿಬರುತ್ತದೆ. ಅದನ್ನು ನಂಬಬೇಡಿ. ಅಂಥ ದೊಡ್ಡ ಸಂಖ್ಯೆಗಳಿಗೆ ಗಟ್ಟಿ ಆಧಾರವಿಲ್ಲವೆಂದು ಆನ್ ವಿಲ್ ಹಾರ್ಜಿಂಗ್ 1995ರಲ್ಲೇ ತೋರಿಸಿದ್ದಾರೆ.

ನಮ್ಮ ಕಂಪನಿಯಲ್ಲಿ ದೊಡ್ಡ ಹುದ್ದೆಗಳೆಲ್ಲ ಅವರ ದೇಶದವರಿಗೇ. ಇದು ಸರಿನಾ?

ಹೊಸದಾಗಿ ಕಾಲಿಟ್ಟ ಮೊದಲ ಕೆಲ ವರ್ಷ ಅರ್ಥವಾಗುತ್ತದೆ, ತಂತ್ರಜ್ಞಾನ ದಾಟಿಸಬೇಕು, ನಂಬಿಕೆ ಬೆಳೆಯಬೇಕು. ಹೋವರ್ಡ್ ಪರ್ಲ್‌ಮಟರ್ 1969ರಲ್ಲಿ ಕಂಪನಿಗಳ ಧೋರಣೆಯನ್ನು ಮೂರಾಗಿ ವಿಂಗಡಿಸಿದರು: ತವರಿನವರೇ ಮೇಲು ಎನ್ನುವವು, ಆಯಾ ದೇಶವನ್ನು ಆಯಾ ದೇಶದವರೇ ನೋಡಿಕೊಳ್ಳಲಿ ಎನ್ನುವವು, ಎಲ್ಲಿಯವರಾದರೂ ಸರಿ ಅರ್ಹರು ಬೇಕು ಎನ್ನುವವು. ಹತ್ತಾರು ವರ್ಷವಾದ ಮೇಲೂ ಮೊದಲನೆಯದರಲ್ಲೇ ಉಳಿದರೆ ಇಲ್ಲಿನ ಸಮರ್ಥರು ಬಿಟ್ಟು ಹೋಗುತ್ತಾರೆ.

## ಕಷ್ಟದ ಪ್ರಶ್ನೆಗಳು

'ಕಲ್ಚರ್ ಫಿಟ್' ಇಲ್ಲ ಅಂತ ರಿಜೆಕ್ಟ್ ಮಾಡಿದ್ರು. ಹಾಗಂದ್ರೇನು?

ಹೇಳಿದವರಿಗೇ ಸ್ಪಷ್ಟವಿರುವುದಿಲ್ಲ. ತಂಡದಲ್ಲಿ ತಪ್ಪನ್ನು ಮುಚ್ಚಿಡಬಾರದು, ಗ್ರಾಹಕರಿಗೆ ಸುಳ್ಳು ಹೇಳಬಾರದು ಎಂಬಂಥ ಮೌಲ್ಯಗಳನ್ನು ಪ್ರಶ್ನೆಯಾಗಿ ಕೇಳಿ ಅಂಕ ಹಾಕಿದ್ದರೆ ಅದಕ್ಕೆ ಅರ್ಥವಿದೆ. ಅದಿಲ್ಲದೆ ಬರೆದದ್ದಾದರೆ ಬಹುಪಾಲು 'ನಮ್ಮ ಹಾಗಿಲ್ಲ' ಎಂದಷ್ಟೇ ಅದರ ಅರ್ಥ. ಎಚ್‌ಆರ್‌ನಲ್ಲಿರುವವರು ಈ ಪದವನ್ನು ತಿರಸ್ಕಾರದ ಕಾರಣವಾಗಿ ಒಪ್ಪಿಕೊಳ್ಳಲೇಬಾರದು. ಯಾವ ಪ್ರಶ್ನೆಗೆ ಯಾವ ಉತ್ತರ ಬಂತು ಎಂದು ಬರೆಸಿಕೊಳ್ಳಿ.

ಜಾತಿ ಧರ್ಮ ನೋಡಿ ತೆಗೆದುಕೊಳ್ಳೋದು ಈಗ ಪ್ರೈವೇಟ್ ಕಂಪನಿಗಳಲ್ಲಿ ಇಲ್ಲ ಅಂತಾರೆ. ನಿಜನಾ?

ಸುಖದೇವ್ ಥೋರಟ್ ಮತ್ತು ಪಾಲ್ ಅಟ್‌ವೆಲ್ ಇದನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದರು. ಪತ್ರಿಕೆಗಳಲ್ಲಿ ಬಂದ ಖಾಸಗಿ ಕಂಪನಿಗಳ ಜಾಹೀರಾತುಗಳಿಗೆ ಸಮಾನ ಅರ್ಹತೆಯ ಅರ್ಜಿಗಳು ಹೋದವು, ಬೇರೆಯಾಗಿದ್ದದ್ದು ಹೆಸರು. ಮೇಲ್ಜಾತಿಯ ಹಿಂದೂ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿನವರಿಗೆ ಕರೆ ಬರುವ ಸಂಭವ ಸುಮಾರು ಮೂರನೇ ಎರಡರಷ್ಟು, ಮುಸ್ಲಿಂ ಹೆಸರಿನವರಿಗೆ ಸುಮಾರು ಮೂರನೇ ಒಂದರಷ್ಟು. ಬಾಸ್ಟನ್, ಶಿಕಾಗೊಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಥದೇ ಪ್ರಯೋಗದಲ್ಲಿ ಬಿಳಿಯರದೆನಿಸುವ ಹೆಸರುಗಳಿಗೆ ಶೇ 50ರಷ್ಟು ಹೆಚ್ಚು ಕರೆ ಬಂದಿತ್ತು.

ವಿದೇಶಿ ಕಂಪನಿಗಳ 'ವೈವಿಧ್ಯ'ದ ನಮೂನೆಗಳಲ್ಲಿ ಜನಾಂಗ, ಲಿಂಗ ಇರುತ್ತದೆ, ಜಾತಿ ಇರುವುದು ಅಪರೂಪ. ಅವರಿಗೆ ಅದು ಕಾಣುವುದಿಲ್ಲ, ಇಲ್ಲಿನವರಿಗೆ ಚೆನ್ನಾಗಿ ಕಾಣುತ್ತದೆ. ಮೊದಲ ಸುತ್ತಿನಲ್ಲಿ ಹೆಸರು, ತಂದೆಯ ಹೆಸರು, ಫೋಟೋ ಮುಚ್ಚಿ ಅರ್ಜಿ ನೋಡುವುದು ಖರ್ಚಿಲ್ಲದ ಕೆಲಸ, ನಾಳೆಯೇ ಶುರು ಮಾಡಬಹುದು.

ಕನ್ನಡಿಗರಿಗೆ ಮೀಸಲಾತಿ ಅಂದ ಕೂಡಲೇ 'ಅರ್ಹರು ಸಿಗಲ್ಲ' ಅಂತಾರೆ. ನೀವೇನಂತೀರಿ?

ಸರೋಜಿನಿ ಮಹಿಷಿ ಸಮಿತಿ 1980ರ ದಶಕದಲ್ಲೇ 58 ಶಿಫಾರಸುಗಳನ್ನು ಕೊಟ್ಟಿತು. 2024ರ ಜುಲೈನಲ್ಲಿ ಆಡಳಿತಾತ್ಮಕ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಸ್ಥಳೀಯರಿಗೆ ಎಂಬ ಮಸೂದೆಗೆ ರಾಜ್ಯ ಸಂಪುಟ ಒಪ್ಪಿತು, ಉದ್ಯಮದವರ ವಿರೋಧದ ನಂತರ ಅದನ್ನು ತಡೆಹಿಡಿಯಲಾಯಿತು. ಕಾನೂನು ಹೇಗಿರಬೇಕೆಂಬ ಚರ್ಚೆ ಅತ್ತ ಇರಲಿ. 'ಅರ್ಹರು ಸಿಗಲ್ಲ' ಎನ್ನುವ ಕಂಪನಿಗೆ ನಾನು ಕೇಳುವುದು ಇಷ್ಟು: ಜಾಹೀರಾತು ಎಲ್ಲಿ ಕೊಟ್ಟಿರಿ? ರಾಯಚೂರು, ಹಾವೇರಿಯ ಡಿಪ್ಲೊಮಾ ಕಾಲೇಜಿಗೆ ಎಂದಾದರೂ ಹೋಗಿದ್ದಿರಾ? ಇಂಗ್ಲಿಷ್ ಗುಂಪು ಚರ್ಚೆಯಲ್ಲಿ ಎಷ್ಟು ಜನ ಹೊರಬಿದ್ದರು, ಆ ಹುದ್ದೆಗೆ ಗುಂಪು ಚರ್ಚೆ ಯಾಕೆ ಬೇಕಿತ್ತು? ಇವಕ್ಕೆ ಉತ್ತರ ಕೊಟ್ಟ ಮೇಲೂ ಅರ್ಹರು ಸಿಗದಿದ್ದರೆ ಆ ಮಾತನ್ನು ಒಪ್ಪುತ್ತೇನೆ.

ಈಗ ಎಐ ರೆಸ್ಯೂಮ್ ನೋಡುತ್ತೆ. ಮೆಷಿನ್‌ಗೆ ಜಾತಿ ಭಾಷೆ ಇಲ್ಲವಲ್ಲ, ಪಕ್ಷಪಾತ ಹೋಗುತ್ತಲ್ವಾ?

ಹಳೆಯ ಆಯ್ಕೆಗಳಿಂದ ಕಲಿತ ಮೆಷಿನ್ ಹಳೆಯ ಪಕ್ಷಪಾತವನ್ನೂ ಕಲಿಯುತ್ತದೆ. ಅಮೆಜಾನ್ ಒಳಗೊಳಗೇ ತಯಾರಿಸುತ್ತಿದ್ದ ಇಂಥ ಒಂದು ವ್ಯವಸ್ಥೆ ಹೆಂಗಸರ ರೆಸ್ಯೂಮ್‌ಗಳನ್ನು ಕೆಳಗೆ ತಳ್ಳುತ್ತಿತ್ತೆಂದೂ ಕಂಪನಿ ಅದನ್ನು ಕೈಬಿಟ್ಟಿತೆಂದೂ 2018ರ ಅಕ್ಟೋಬರ್‌ನಲ್ಲಿ ರಾಯಿಟರ್ಸ್ ವರದಿ ಮಾಡಿತು. ಯುರೋಪಿನ ಎಐ ಕಾನೂನು ನೇಮಕಾತಿಯ ಎಐಯನ್ನು ಹೆಚ್ಚು ಅಪಾಯದ ಪಟ್ಟಿಗೆ ಸೇರಿಸಿದೆ. ವಿಡಿಯೋದಲ್ಲಿ ಮುಖಭಾವ, ಉಚ್ಚಾರಣೆ ಅಳೆಯುತ್ತೇವೆ ಎನ್ನುವ ಸಾಫ್ಟ್‌ವೇರ್ ಮಾರಲು ಬಂದರೆ, ಕನ್ನಡ ಮಾಧ್ಯಮದಲ್ಲಿ ಓದಿದವರ ಮೇಲೆ ಇದನ್ನು ಪರೀಕ್ಷಿಸಿದ್ದೀರಾ ಎಂದು ಕೇಳಿ.

ನಮ್ಮ ಆಯ್ಕೆ ಸರಿಯಿದೆ ಅಂತ ನಾವೇ ಪರೀಕ್ಷೆ ಮಾಡಿಕೊಳ್ಳೋದು ಹೇಗೆ?

ಎರಡು ಲೆಕ್ಕ ಇಡಿ. ಮೊದಲನೆಯದು ಅಮೆರಿಕದಲ್ಲಿ 1978ರಿಂದ ಬಳಕೆಯಲ್ಲಿರುವ ಐದನೇ ನಾಲ್ಕು ಭಾಗದ ಸೂತ್ರ. ನೂರು ಗಂಡಸರಲ್ಲಿ 40 ಜನ, ಐವತ್ತು ಹೆಂಗಸರಲ್ಲಿ 12 ಜನ ಆಯ್ಕೆಯಾದರು ಎನ್ನಿ. ಶೇ 40 ಮತ್ತು ಶೇ 24. ಎರಡನೆಯದು ಮೊದಲನೆಯದರ ಶೇ 60 ಆಯಿತು. ಶೇ 80ಕ್ಕಿಂತ ಕಡಿಮೆ ಬಂದರೆ ಯಾವ ಸುತ್ತಿನಲ್ಲಿ ಹೆಚ್ಚು ಜನ ಬಿದ್ದರೆಂದು ಹುಡುಕಬೇಕು. ಇದನ್ನೇ ಕನ್ನಡ ಮಾಧ್ಯಮ ಮತ್ತು ಇಂಗ್ಲಿಷ್ ಮಾಧ್ಯಮದವರಿಗೆ, ಹಳ್ಳಿ ಮತ್ತು ನಗರದವರಿಗೆ ಹಾಕಿ ನೋಡಿ. ಸಣ್ಣ ಸಂಖ್ಯೆಗಳಲ್ಲಿ ಒಬ್ಬಿಬ್ಬರಿಂದಲೇ ಶೇಕಡಾವಾರು ಏರುಪೇರಾಗುತ್ತದೆ, ಹಾಗಾಗಿ ಒಂದು ಬ್ಯಾಚಿನ ಬದಲು ಎರಡು ಮೂರು ವರ್ಷದ್ದನ್ನು ಕೂಡಿಸಿ.

ಎರಡನೆಯದು, ಆಯ್ಕೆಯ ಹೊತ್ತಿನ ಅಂಕಗಳನ್ನು ಬಿಸಾಡಬೇಡಿ. ಒಂದು ವರ್ಷದ ನಂತರದ ಕೆಲಸದ ಮೌಲ್ಯಮಾಪನದ ಪಕ್ಕದಲ್ಲಿಡಿ. ಮೌಲ್ಯಮಾಪನ ಮಾಡುವವರಿಗೆ ಆ ಹಳೆಯ ಅಂಕ ತೋರಿಸಕೂಡದು. ಯಾವ ಪ್ರಶ್ನೆಯಲ್ಲಿ ಹೆಚ್ಚು ಅಂಕ ಪಡೆದವರು ನಿಜಕ್ಕೂ ಚೆನ್ನಾಗಿ ಕೆಲಸ ಮಾಡಿದರೋ ಅದನ್ನು ಉಳಿಸಿಕೊಳ್ಳಿ. ಸಂಬಂಧವೇ ಕಾಣದ ಪ್ರಶ್ನೆಯನ್ನು, ಅದು ಹೆಡ್ ಆಫೀಸಿನಿಂದ ಬಂದದ್ದೇ ಆಗಿದ್ದರೂ, ಲೆಕ್ಕ ಮುಂದಿಟ್ಟು ತೆಗೆಸಿಹಾಕಿ.